ಕಂಪ್ಯೂಟರಿನ ಕೂಗು

ಅವತ್ತು ಬೆಳಿಗ್ಗೆ ಚಹಾ ಕುಡಿದು ಬಂದು ಕಂಪ್ಯೂಟರಿನ ಗುಂಡಿ ಒತ್ತಿದೆ. ಹಸಿರು ದೀಪ ಹೊತ್ತಿತು. ಡಬ್ಬಿಯ ಮೈಮೇಲೆ ಅಂಗೈ ಇಟ್ಟು ನೋಡಿದರೆ ಒಳಗಿನ ಫ್ಯಾನು ತಿರುಗುತ್ತಿರುವುದು ಕೈಗೆ ತಿಳಿಯುತ್ತಿತ್ತು. ಆದರೆ ಪರದೆ ಕಪ್ಪಾಗಿಯೇ ಉಳಿಯಿತು. ‘ನೋ ಸಿಗ್ನಲ್’ ಎನ್ನುವ ಎರಡು ಪದ ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ತೇಲಾಡಿ, ಆಮೇಲೆ ಅವೂ ಹೋದವು.

ಹಗರಿಬೊಮ್ಮನಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಂಡ ಬಾಡಿಗೆ ಮನೆ ನನ್ನದು. ಮುಂದಿನ ಕೋಣೆಯೇ ನನ್ನ ಕಚೇರಿ. ಮದುವೆ ಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಕರಪತ್ರ, ಇಂಥವನ್ನು ಕನ್ನಡದಲ್ಲಿ ಟೈಪು ಮಾಡಿ ಪುಟ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ನನ್ನ ಕೆಲಸ. ಆ ದಿನ ಕಾನಹೊಸಹಳ್ಳಿಯ ಒಂದು ಮನೆಯವರ ಮದುವೆ ಪತ್ರಿಕೆ ಅರ್ಧಕ್ಕೆ ನಿಂತಿತ್ತು. ಮರುದಿನ ಅವರು ಕರಡು ನೋಡಲು ಬರುವವರಿದ್ದರು. ಹುಡುಗಿಯ ಸೋದರಮಾವಂದಿರ ಹೆಸರುಗಳನ್ನೆಲ್ಲ ಹಿಂದಿನ ದಿನವಷ್ಟೇ ಒಂದೊಂದಾಗಿ ಸೇರಿಸಿದ್ದೆ. ಅವೆಲ್ಲ ಆ ಡಬ್ಬಿಯೊಳಗೆ ಸಿಕ್ಕಿಕೊಂಡಿದ್ದವು.

ಇಂಥ ಹೊತ್ತಿನಲ್ಲಿ ಏನೇನು ಮಾಡಬೇಕೋ ನನಗೆ ಗೊತ್ತು. ಪರದೆಯ ವೈರು ಬಿಚ್ಚಿ ಮತ್ತೆ ಹಾಕಿದೆ. ಕರೆಂಟಿನ ವೈರು ಕಿತ್ತು, ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಮತ್ತೆ ಸಿಕ್ಕಿಸಿದೆ. ಪ್ಲಗ್ಗು ಬದಲಿಸಿದೆ. ಹಳೆಯ ಪರದೆಯೊಂದು ಅಟ್ಟದ ಮೇಲಿತ್ತು, ಅದನ್ನು ಇಳಿಸಿ ಧೂಳು ಒರೆಸಿ ಜೋಡಿಸಿದೆ. ಅದೂ ಕಪ್ಪಗೇ ಕೂತಿತು. ಅಂದರೆ ತಪ್ಪು ಪರದೆಯದಲ್ಲ, ಡಬ್ಬಿಯೊಳಗಿನದು. ಇಷ್ಟು ತಿಳಿಯುವುದರೊಳಗೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು.

ಒಳಗೆ ಏನಾದರೂ ಕೆಟ್ಟಾಗ ಕಂಪ್ಯೂಟರು ಸುಮ್ಮನಿರುವುದಿಲ್ಲ, ಕೂಗುತ್ತದೆ. ಇಂಥದು ಕೆಟ್ಟರೆ ಇಂಥ ಕೂಗು ಎಂದು ಲೆಕ್ಕ ಇರುತ್ತದೆ. ರಿಪೇರಿಯವರು ಮೊದಲು ಅದಕ್ಕೇ ಕಿವಿ ಕೊಡುತ್ತಾರೆ. ನನ್ನ ಕಷ್ಟ ಇರುವುದೇ ಅಲ್ಲಿ. ಆ ಕೂಗು ನನಗೆ ಕೇಳಿಸುವುದಿಲ್ಲ.

ಹುಟ್ಟಿನಿಂದ ಹೀಗಿರಲಿಲ್ಲ. ಕೂಡ್ಲಿಗಿಯ ಒಂದು ಮುದ್ರಣಾಲಯದಲ್ಲಿ ಯಂತ್ರದ ಮಗ್ಗುಲಲ್ಲೇ ನಿಂತು ನನ್ನ ಪ್ರಾಯವೆಲ್ಲ ಕಳೆಯಿತು. ಆ ಸದ್ದು ದಿನಾ ಸ್ವಲ್ಪ ಸ್ವಲ್ಪ ಕಿವಿಯನ್ನು ತಿಂದದ್ದು ಬಹಳ ವರ್ಷ ಗೊತ್ತಾಗಲಿಲ್ಲ. ಮೊದಲು ಹೋದದ್ದು ತೆಳ್ಳನೆಯ ಸದ್ದುಗಳು. ಗುಬ್ಬಿ, ಕುಕ್ಕರಿನ ಸೀಟಿ, ಸಣ್ಣ ಮಕ್ಕಳ ಮಾತು. ಈಗ ಕಿವಿಗೆ ಯಂತ್ರ ಹಾಕಿಕೊಂಡರೆ, ಎದುರಿಗೆ ಕೂತವರು ದಪ್ಪ ದನಿಯಲ್ಲಿ ನಿಧಾನವಾಗಿ ಮಾತಾಡಿದರೆ, ತುಟಿಯನ್ನೂ ನೋಡುತ್ತ ಹೇಗೋ ಹಿಡಿದುಕೊಳ್ಳುತ್ತೇನೆ. ಬೆನ್ನ ಹಿಂದಿನಿಂದ ಬಂದ ಮಾತು ನನ್ನ ಪಾಲಿಗಿಲ್ಲ. ಕಂಪ್ಯೂಟರಿನ ಬೀಪ್ ಅಂತೂ ಎಂದೋ ಹೋಯಿತು.

ಆದರೆ ಇಷ್ಟು ವರ್ಷ ಅದರಿಂದ ತೊಂದರೆ ಆಗಿರಲಿಲ್ಲ. ನನ್ನ ಹೆಂಡತಿ ಇದ್ದಳು. ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ಎದುರಿಗೆ ನಿಂತು, “ಏನ್ರಿ, ನಿಮ್ಮ ಡಬ್ಬಿ ಒದರಾಕತೈತಿ, ನೋಡ್ರಿ” ಎನ್ನುತ್ತಿದ್ದಳು. ಹೇಗೆ ಒದರುತ್ತಿದೆ ಎಂದು ಕೇಳಿದರೆ ಕೈಯಲ್ಲೇ ತಾಳ ಹಾಕಿ ತೋರಿಸುತ್ತಿದ್ದಳು. ಕಂಪ್ಯೂಟರು ಅವಳಿಗೆ ಏನೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಒಮ್ಮೆ ಪಾಸ್‌ವರ್ಡ್ ತಪ್ಪು, ತಪ್ಪು ಎಂದು ಯಂತ್ರ ಹಟ ಹಿಡಿದಾಗ ನಾನು ಬೆವರಿಳಿಸಿಕೊಂಡು ಕೂತಿದ್ದೆ. ಚಹಾ ತಂದವಳು ಕೀಲಿಮಣೆಯ ಮೂಲೆ ನೋಡಿ, “ದಿನಾ ಈ ದೀಪ ಇರಂಗಿಲ್ಲಲ್ರಿ, ಇವತ್ತ್ಯಾಕ ಹತ್ತೇತಿ?” ಎಂದಳು. ಇಂಗ್ಲಿಷ್ ದೊಡ್ಡಕ್ಷರದ ಕ್ಯಾಪ್ಸ್ ಲಾಕ್ ಕೀಲಿ ಒತ್ತಿಹೋಗಿತ್ತು. ಆಮೇಲೆ ನಾವಿಬ್ಬರೂ ನಕ್ಕ ನೆನಪು.

ನಮಗೆ ಮಕ್ಕಳಿಲ್ಲ. ಅವಳು ಜ್ವರವೆಂದು ಮಲಗಿದವಳು ಏಳಲಿಲ್ಲ. ಅದಾಗಿ ಎರಡು ವರ್ಷವಾಗುತ್ತ ಬಂದಿತ್ತು. ಆ ಎರಡು ವರ್ಷ ಕಂಪ್ಯೂಟರು ಅಷ್ಟಾಗಿ ಕೆಡಲಿಲ್ಲ. ಕೆಟ್ಟ ಸಣ್ಣಪುಟ್ಟದ್ದೆಲ್ಲ ಕಣ್ಣಿಗೆ ಕಾಣುವಂಥದೇ ಆಗಿತ್ತು. ಜಾಗ ತುಂಬಿದೆ ಎಂದರೆ ಹಳೆಯ ಫೈಲು ಅಳಿಸುತ್ತಿದ್ದೆ. ಬೇರೆಯವರು ಕಳಿಸಿದ ಬರಹ ತೆರೆದಾಗ ಒತ್ತಕ್ಷರಗಳೆಲ್ಲ ಕಿತ್ತುಹೋಗಿ ಬಂದರೆ, ಅದು ಯಾವ ಫಾಂಟಿನದು ಎಂದು ಹುಡುಕಿ ಬದಲಿಸುತ್ತಿದ್ದೆ. ಅವತ್ತೇ ಮೊದಲ ಸಲ, ಯಂತ್ರ ಏನೋ ಹೇಳುತ್ತಿದೆ, ಮನೆಯಲ್ಲಿ ಕೇಳುವವರು ಯಾರೂ ಇಲ್ಲ ಎಂಬುದು ಗೊತ್ತಾದದ್ದು.

ಮೊಬೈಲಿನಲ್ಲಿ ಸದ್ದು ದಾಖಲು ಮಾಡಿ, ಪರದೆಯ ಮೇಲೆ ಏಳುವ ಗೆರೆಗಳನ್ನು ನೋಡಿ ತಿಳಿಯಬಹುದೇನೋ ಎಂದುಕೊಂಡೆ. ಗಿರಣಿ ನಡೆಯುತ್ತಿತ್ತು. ಗೆರೆಗಳು ಒಂದೇ ಸಮ ಕುಣಿದವು. ಯಾವುದು ಗಿರಣಿ, ಯಾವುದು ಫ್ಯಾನು, ಯಾವುದು ಬೀಪು ಎಂದು ಗೊತ್ತಾಗಲಿಲ್ಲ.

ಕೊಟ್ಟೂರಿನಲ್ಲಿ ಕಂಪ್ಯೂಟರು ರಿಪೇರಿ ಮಾಡುವ ಗೆಳೆಯನೊಬ್ಬನಿದ್ದಾನೆ. ಈ ಯಂತ್ರ ಜೋಡಿಸಿಕೊಟ್ಟವನೂ ಅವನೇ. ಅವನಿಗೆ ಆದದ್ದನ್ನೆಲ್ಲ ಟೈಪು ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು. ತೆರೆದರೆ ಅದು ಬರಹವಲ್ಲ, ಮಾತು. ಈಗ ಎಲ್ಲರೂ ಹಾಗೆಯೇ, ಬೆರಳು ನೋಯಿಸಿಕೊಳ್ಳದೆ ಮಾತಾಡಿ ಕಳಿಸಿಬಿಡುತ್ತಾರೆ. ಕಿವಿಯ ಯಂತ್ರ ತೆಗೆದು ಒಮ್ಮೆ, ಹಾಕಿ ಒಮ್ಮೆ, ಮೊಬೈಲನ್ನು ಕಿವಿಗೆ ಒತ್ತಿ ಹಿಡಿದೆ. ಗುಂಯ್ ಎನ್ನುವ ಸದ್ದಿನೊಳಗೆ ‘ಅಣ್ಣಾ’ ಎನ್ನುವುದೊಂದು ಸಿಕ್ಕಿತು. ಮಿಕ್ಕದ್ದೆಲ್ಲ ಕಲಸಿಹೋಗಿತ್ತು. ‘ಬರೆದು ಕಳಿಸು, ನನಗೆ ಕೇಳಿಸುವುದಿಲ್ಲ’ ಎಂದು ಕಳಿಸಿದೆ. ಅವನು ನೋಡಲಿಲ್ಲ. ಇನ್ನೊಂದು ಮಾತಿನ ತುಣುಕು ಬಂತು, ಆಮೇಲೆ ಮತ್ತೊಂದು. ಪಾಪ, ಅವನು ಅಲ್ಲಿ ಕಾಳಜಿಯಿಂದಲೇ ಹೇಳುತ್ತಿದ್ದ.

ಯಾರಾದರೂ ಇದನ್ನು ಕೇಳಿ ನನಗೆ ಹೇಳಿದರೆ ಸಾಕು ಎಂದು ಬೀದಿಗೆ ಬಂದೆ. ಗಿರಣಿಯವನ ಹತ್ತಿರ ಹೋದರೆ ಆ ಗದ್ದಲದಲ್ಲಿ ಅವನಿಗೂ ಕೇಳಿಸುವುದಿಲ್ಲ. ಎದುರಿನ ಕಿರಾಣಿ ಅಂಗಡಿಯ ಮುಂದೆ ನಾಲ್ಕಾರು ಜನ ನಿಂತಿದ್ದರು. ನಾನು ಬರುವುದನ್ನು ನೋಡಿ ಮಾತು ನಿಲ್ಲಿಸಿದರು. ಅಂಗಡಿಯವನು ಹುಬ್ಬೇರಿಸಿ ಏನು ಬೇಕು ಎಂಬಂತೆ ನೋಡಿದ. ಅಷ್ಟು ಜನರ ಎದುರಿಗೆ ಮೊಬೈಲು ಚಾಚಿ, ಇದರಲ್ಲಿ ಏನಿದೆ ಹೇಳಿ ಎನ್ನಲು ಬಾಯಿ ಬರಲಿಲ್ಲ. ಒಂದು ಬೆಂಕಿಪೊಟ್ಟಣ ಕೊಂಡು ವಾಪಸು ಬಂದೆ. ಎರಡು ವರ್ಷದಲ್ಲಿ ಆ ಅಂಗಡಿಯಲ್ಲಿ ನಾನು ಆಡಿದ್ದೆಲ್ಲ ಸಾಮಾನಿನ ಹೆಸರುಗಳೇ ಎಂದು ಅವತ್ತು ಅನ್ನಿಸಿತು.

ಮನೆಯ ಮುಂದಿನ ಕಟ್ಟೆಯ ಮೇಲೆ ಕೂತೆ. ಆಗ ಮೇಲಿನ ಮನೆಯಾಕೆ ಕೈಯಲ್ಲಿ ಖಾಲಿ ಕೊಡ ಹಿಡಿದು ಮೆಟ್ಟಿಲಿಳಿದು ಬಂದರು.

ಅವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ನಲವತ್ತರ ಆಸುಪಾಸು. ಹರಪನಹಳ್ಳಿಯ ಕಡೆ ನೀಲಗುಂದದವರೆಂದು ಮನೆಯ ಮಾಲೀಕರು ಹೇಳಿದ್ದರು. ನನ್ನ ತಲೆಯ ಮೇಲಿನ ಒಂಟಿ ಕೋಣೆಗೆ ಬಂದು ವರ್ಷ ದಾಟಿತ್ತು. ಒಂದು ದಿನವೂ ನಾವು ಮಾತಾಡಿರಲಿಲ್ಲ. ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಒಂಟಿ ಗಂಡಸು ಎಂದು ದೂರ ಇರುತ್ತಾರೇನೋ ಎಂದು ನಾನೂ ಸುಮ್ಮನಿದ್ದೆ.

ಅವತ್ತು ಎದ್ದು ಹೋಗಿ ಅವರ ಎದುರಿಗೆ ನಿಂತೆ. “ಮೇಡಂ, ಒಂದ್ ಸಣ್ಣ ಕೆಲಸ ಇತ್ತು. ತಪ್ಪು ತಿಳ್ಕೋಬ್ಯಾಡ್ರಿ” ಎಂದೆ.

ಅವರು ಕೊಡ ಕೆಳಗಿಟ್ಟರು. ಬಸ್ಸಿನಲ್ಲಿ ಊರುಗಳ ಹೆಸರು ಕೂಗಿ ಕೂಗಿ ದಪ್ಪಗಾದ ದನಿ. ತುಟಿ ನೋಡದೆಯೇ ನನಗೆ ಪೂರ್ತಿ ಕೇಳಿಸಿತು. “ಓ, ನಿಮಗೆ ಮಾತಾಡಕ್ಕೂ ಬರ್ತತಾ ಸಾರ್?”

ನನಗೆ ಅರ್ಥವಾಗಲಿಲ್ಲ.

“ಮತ್ತೇನ್ರಿ? ನಾನು ಈ ಮನೀಗೆ ಬಂದ ಹೊಸದ್ರಾಗ ಎಷ್ಟ್ ಸಲ ಮೆಟ್ಲ ಮ್ಯಾಲಿಂದ ಕೂಗೀನಿ. ನೀರು ಬಂದಾವ್ರಿ ಸಾರ್, ತುಂಬ್ಕೊಳ್ರಿ ಅಂತ. ಒಂದ್ ಸಲನಾದ್ರೂ ತಿರುಗಿ ನೋಡಿದ್ರಾ? ಹಬ್ಬದಾಗ ಹೋಳಿಗೆ ತಂದು ಬಾಗಲು ಬಡಿದೆ. ಒಳಗ ಕುಂತಿದ್ದು ಕಿಟಕ್ಯಾಗ ಕಾಣ್ತಿತ್ತು. ಏಳಲಿಲ್ಲ. ನಮ್ಮಂಥವರ ಕೈಯಾಂದು ತಿನ್ನಲ್ಲೇನೋ ಅಂದ್ಕೊಂಡು ವಾಪಸ್ ಹೋದೆ.”

ಅವರ ಕಣ್ಣು ಕೆಂಪಾಗಿತ್ತು. ಕಿವಿಯ ಹಿಂದಿನ ಯಂತ್ರವನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದೆ. “ನನಗ ಕಿವಿ ಕೇಳ್ಸಂಗಿಲ್ಲಮ್ಮ. ಎದುರಿಗೆ ನಿಂತ್ರ ಅಷ್ಟ. ನೀವು ಕೂಗಿದ್ದು, ಬಾಗಲು ಬಡಿದಿದ್ದು, ಒಂದೂ ಗೊತ್ತಿಲ್ಲ. ಹೆಂಡ್ತಿ ಇದ್ದಾಗ ಆಕೀನ ಎಲ್ಲಾ ಕೇಳಿ ಹೇಳ್ತಿದ್ಲು.”

ಅವರು ಬಗ್ಗಿ ಆ ಯಂತ್ರವನ್ನು ನೋಡಿದರು. “ಅಯ್ಯೋ ದೇವ್ರೇ” ಎಂದದ್ದು ತುಟಿಯಲ್ಲಿ ಕಂಡಿತು. ನಾನು ಯಂತ್ರವನ್ನು ಮತ್ತೆ ಕಿವಿಗೆ ಹಾಕಿಕೊಂಡ ಮೇಲೆ ದನಿ ಎತ್ತಿ, “ಓಣ್ಯಾಗ ಎಲ್ರೂ ಇದನ್ನ ಅಂತಾರ ಸಾರ್. ಹೆಂಡ್ತಿ ಹೋದ ಮ್ಯಾಲೆ ಮನಷಾಗ ಸೊಕ್ಕು ಬಂತು, ಕರದ್ರೂ ಓ ಅನ್ನಂಗಿಲ್ಲ ಅಂತ. ಯಾರಿಗೂ ಹೇಳಿಲ್ಲೇನು?” ಎಂದು ಕೇಳಿದರು.

ಹೇಳಬೇಕಾದ ಸಂದರ್ಭವೇ ಬಂದಿರಲಿಲ್ಲ. ಅವಳಿದ್ದಾಗ ಯಾರಾದರೂ ನನ್ನನ್ನು ಕರೆದರೆ ಅವಳು ನನ್ನ ತೋಳು ಮುಟ್ಟುತ್ತಿದ್ದಳು, ನಾನು ತಿರುಗುತ್ತಿದ್ದೆ. ಜನ ಕಂಡದ್ದು ತಿರುಗಿದ ನನ್ನನ್ನು. ಅವಳ ಕೈಯನ್ನು ಯಾರೂ ನೋಡಿರಲಿಲ್ಲ, ನಾನೂ ಅಷ್ಟಾಗಿ ನೋಡಿರಲಿಲ್ಲ. ನನ್ನ ಮನೆಗೆ ಯಾರೂ ಬರುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ ಎಂದು ನಾನು ಒಳಗೆ ಕೂತು ನೊಂದುಕೊಂಡಿದ್ದ ದಿನಗಳಲ್ಲಿ ಎಷ್ಟು ಜನ ಬಾಗಿಲು ಬಡಿದು ಹೋಗಿದ್ದರೋ.

ಕಂಪ್ಯೂಟರು ಕೆಟ್ಟದ್ದನ್ನು ಹೇಳಿ ಮೊಬೈಲು ಚಾಚಿದೆ. ಅವರು ಅದನ್ನು ಇಸಿದುಕೊಂಡು ಕೊಟ್ಟೂರಿನ ಗೆಳೆಯನ ಮಾತನ್ನು ಕೇಳಿಸಿಕೊಂಡರು. ಒಂದೊಂದು ತುಣುಕು ಮುಗಿದ ಮೇಲೆ, ಟಿಕೆಟ್ ಕೊಡುವಾಗ ಊರು ಕೇಳುವ ಅದೇ ದನಿಯಲ್ಲಿ ನನಗೆ ಹೇಳಿದರು. “ಅಣ್ಣಾ, ಆನ್ ಮಾಡಿದ್ ಕೂಡ್ಲೆ ಬೀಪ್ ಹೆಂಗ್ ಬರ್ತೈತಿ ಕೇಳು ಅಂತಾನ್ರಿ. ಒಂದ್ ಉದ್ದ ಆಗಿ ಎರಡು ಗಿಡ್ಡ ಬಂದ್ರ ಡಿಸ್‌ಪ್ಲೇದು ತಪ್ಪಂತೆ. ಉದ್ದಂದು ಬಿಟ್ಟು ಬಿಟ್ಟು ಬರ್ತಾನ ಇದ್ರ ರ್‍ಯಾಮ್ ಅಂತೆ. ಏನೂ ಬರ್ಲಿಲ್ಲಂದ್ರ ಡಬ್ಬಿ ತಗೊಂಡು ಬಸ್ ಹತ್ತಿ ಬಾ ಅಂತಾನ.” ಕೊನೆಯ ಮಾತು ಹೇಳುವಾಗ ನಕ್ಕರು.

“ಆ ಬೀಪ್ ನನಗ ಕೇಳ್ಸಲ್ಲ ಮೇಡಂ” ಎಂದೆ.

“ಗೊತ್ತಾತು ಬಿಡ್ರಿ. ನಡೀರಿ, ಕೇಳಾನ.”

ಕೊಡವನ್ನು ಕಟ್ಟೆಯ ಮೇಲಿಟ್ಟು ಒಳಗೆ ಬಂದರು. ಹೆಂಡತಿಯ ತಿಥಿ ಮುಗಿದ ಮೇಲೆ ಆ ಹೊಸ್ತಿಲು ದಾಟಿ ಬಂದವರು ಗಿರಾಕಿಗಳು ಮಾತ್ರ. ಕೂರಲು ಕುರ್ಚಿ ಸರಿಸಿದೆ, ಅದರ ಮೇಲಿದ್ದ ಹಳೆಯ ಪತ್ರಿಕೆಗಳ ರಾಶಿಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಅವರು ನಿಂತೇ ಇದ್ದರು. ಗುಂಡಿ ಒತ್ತಿದೆ. ಅವರು ಬಗ್ಗಿ ಡಬ್ಬಿಯ ಹತ್ತಿರ ಕಿವಿ ತಂದರು. ಆಮೇಲೆ ನನ್ನ ಕಡೆ ತಿರುಗಿ ಗಾಳಿಯಲ್ಲಿ ಕೈಯಿಂದ ಒಂದು ಉದ್ದ ಗೆರೆ ಎಳೆದರು, ನಿಲ್ಲಿಸಿದರು, ಮತ್ತೆ ಎಳೆದರು, ಮತ್ತೆ. “ನನ್ನ ಸೀಟಿ ಇದ್ದಂಗ ಐತಿ. ಬಿಟ್ಟು ಬಿಟ್ಟು ಬರ್ತೈತಿ ನೋಡ್ರಿ, ನಿಲ್ಲಂಗೇ ಇಲ್ಲ.”

ಹಾಗಾದರೆ ರ್‍ಯಾಮು. ಅಂದರೆ ಯಂತ್ರದ ನೆನಪಿನ ಪಟ್ಟಿ. ಬೆಳಿಗ್ಗೆ ನಾನು ಸುಮ್ಮನೆ ಪರದೆಯ ಹಿಂದೆ ಬಿದ್ದಿದ್ದೆ. ಕರೆಂಟು ತೆಗೆದು, ಡಬ್ಬಿಯ ಮಗ್ಗುಲಿನ ತಗಡು ಬಿಚ್ಚಿದೆ. ರ್‍ಯಾಮಿನ ಪಟ್ಟಿಯನ್ನು ಎರಡೂ ಕಡೆಯ ಕ್ಲಿಪ್ಪು ಸರಿಸಿ ಎತ್ತಿದೆ. ಅದರ ಬುಡದಲ್ಲಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ, ಅವು ಮಂಕಾಗಿದ್ದವು. ಗಿರಣಿಯ ಹಿಟ್ಟಿನ ಧೂಳು ಇಲ್ಲಿ ಎಲ್ಲದರೊಳಗೂ ಹೋಗುತ್ತದೆ. ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮತ್ತೆ ಕೂರಿಸಿದೆ. ಗುಂಡಿ ಒತ್ತಿದೆ. ಅವರು ತಲೆ ಅಲ್ಲಾಡಿಸಿದರು. ಮತ್ತೆ ಅದೇ ಗೆರೆ.

ಪಟ್ಟಿಯನ್ನು ತೆಗೆದು ಪಕ್ಕದ ಖಾಲಿ ಜಾಗಕ್ಕೆ ಹಾಕಿದೆ. ಕ್ಲಿಪ್ಪು ತಾನಾಗಿ ಬಂದು ಕಚ್ಚಿಕೊಂಡದ್ದು ಬೆರಳಿಗೆ ತಿಳಿಯಿತು. ಮೂರನೆಯ ಸಲ ಗುಂಡಿ ಒತ್ತಿ ಅವರ ಮುಖವನ್ನೇ ನೋಡುತ್ತ ಕೂತೆ. ಅವರು ತೋರುಬೆರಳನ್ನು ಒಮ್ಮೆ ಮಾತ್ರ ಪುಟ್ಟದಾಗಿ ಮೀಟಿದರು. “ಒಂದ ಕೂಗು. ಸಣ್ಣದು. ಸುಮ್ಮನಾತು ನೋಡ್ರಿ.” ಅಷ್ಟರಲ್ಲಿ ಪರದೆ ಬೆಳಗಿತು.

ಕಪ್ಪು ಪರದೆಯ ಮೇಲೆ ದಿನಾಂಕ ಸರಿಯಿಲ್ಲ ಎಂಬ ಸಾಲು ಬಂತು. ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತಿರುತ್ತದೆ, ಕರೆಂಟು ತೆಗೆದಾಗ ಯಂತ್ರ ತನ್ನ ದಿನಾಂಕ ಮರೆತುಬಿಡುತ್ತದೆ. ಅದು ತೋರಿಸಿದ್ದು ಯಂತ್ರ ತಯಾರಾದ ಇಸವಿ. ಆ ವರ್ಷ ನಾನೂ ಹೆಂಡತಿಯೂ ಕೊಟ್ಟೂರಿಗೆ ಹೋಗಿ ಇದನ್ನು ತಂದಿದ್ದೆವು. ಬಸ್ಸಿನಲ್ಲಿ ಪರದೆಯ ಪೆಟ್ಟಿಗೆಯನ್ನು ಅವಳು ತೊಡೆಯ ಮೇಲಿಟ್ಟುಕೊಂಡು, ಹೊಂಡ ಬಂದಾಗಲೆಲ್ಲ ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದಳು. ದಿನಾಂಕ ತಿದ್ದದೆ ಹಾಗೆಯೇ ಬಿಟ್ಟರೆ ಅಂತರ್ಜಾಲದ ಪುಟಗಳು ತೆರೆಯುವುದಿಲ್ಲ. ತಿದ್ದಿದೆ.

ಮದುವೆ ಪತ್ರಿಕೆ ಇದ್ದಲ್ಲಿಯೇ ಇತ್ತು. ಸೋದರಮಾವಂದಿರ ಹೆಸರುಗಳನ್ನು ಅವರು ಬಗ್ಗಿ ಓದಿ, “ಇಷ್ಟ್ ಮಂದಿನಾ?” ಎಂದರು. ಚಹಾ ಮಾಡಿದೆ. ಅವರು ಅರ್ಧ ಕುಡಿದು ಲೋಟ ಕೆಳಗಿಟ್ಟು, “ಅಣ್ಣಾ, ನನಗೊಂದು ಅರ್ಜಿ ಟೈಪ್ ಮಾಡಿಕೊಡ್ತೀರಾ?” ಎಂದು ಕೇಳಿದರು. ನೀಲಗುಂದದಲ್ಲಿ ತಾಯಿಗೆ ಮೊಣಕಾಲು ಹಿಡಿದುಬಿಟ್ಟಿದೆ, ಎದ್ದು ನೀರು ಕುಡಿಯುವುದೂ ಕಷ್ಟ. ಹರಪನಹಳ್ಳಿ ಡಿಪೋಕ್ಕೆ ವರ್ಗ ಸಿಕ್ಕರೆ ಮನೆಯಿಂದಲೇ ಓಡಾಡಬಹುದು.

ಅವರು ಹೇಳುತ್ತ ಹೋದರು, ನಾನು ಟೈಪು ಮಾಡಿದೆ. ಪ್ರಿಂಟಿಗೆ ಕೊಟ್ಟರೆ ಪ್ರಿಂಟರು ಆಫ್‌ಲೈನ್ ಎಂದಿತು. ಹಿಂದೆ ಕೊಟ್ಟಿದ್ದ ಯಾವುದೋ ಪುಟ ನಡುವೆ ಸಿಕ್ಕಿಕೊಂಡರೆ ಹಾಗಾಗುತ್ತದೆ. ಅದನ್ನು ತೆಗೆದುಹಾಕಿ, ಪ್ರಿಂಟರನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಸರಿಹೋಗುತ್ತದೆ. ನಾಳೆ ಬರ್ರಿ ಎನ್ನಬಹುದಿತ್ತು. ನಾಳೆಯೂ ಒಬ್ಬರು ಬಂದು ಆ ಕುರ್ಚಿಯ ಮೇಲೆ ಕೂರುತ್ತಿದ್ದರು. ಆ ಯೋಚನೆ ಬಂದದ್ದು ನಿಜ. ಸಿಕ್ಕಿಕೊಂಡ ಪುಟ ತೆಗೆದೆ, ಪ್ರಿಂಟು ಬಂತು.

ಆಮೇಲೆ ರಜೆ ಇದ್ದ ದಿನ ಅವರು ಕೆಳಗೆ ಬರತೊಡಗಿದರು. ಬಾಗಿಲು ಬಡಿಯುತ್ತಿರಲಿಲ್ಲ. ಕಿಟಕಿಯಲ್ಲಿ ಕೈ ಹಾಕಿದರೆ ಕೋಣೆಯ ದೀಪದ ಸ್ವಿಚ್ಚು ಸಿಗುತ್ತದೆ. ಅದನ್ನು ಎರಡು ಸಲ ಒತ್ತಿದರೆ ನಾನು ತಲೆ ಎತ್ತುತ್ತಿದ್ದೆ. ಮೊಬೈಲಿಗೆ ಬಂದ ಮಾತುಗಳನ್ನೆಲ್ಲ ಕೇಳಿ ಹೇಳುತ್ತಿದ್ದರು. ಒಂದು ತಿಂಗಳ ಹಿಂದಿನದೂ ಇರುತ್ತಿತ್ತು. ಹಡಗಲಿಯ ಗಿರಾಕಿಯೊಬ್ಬ ಮೊದಲು ಬೇಡಿ, ಆಮೇಲೆ ಸಿಟ್ಟಾಗಿ, ಕೊನೆಗೆ ಬೇರೆಯವರ ಹತ್ತಿರ ಮಾಡಿಸಿಕೊಂಡೆ ಬಿಡು ಎಂದದ್ದನ್ನು ಅವರು ಅವನದೇ ದನಿಯಲ್ಲಿ ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಓಣಿಯಲ್ಲೂ ಅವರೇ ಹೇಳಿದರು. ಕಿರಾಣಿ ಅಂಗಡಿಯವನು ಈಗ ಎದುರಿಗೆ ಬಂದು ಬಾಯಿ ದೊಡ್ಡದು ಮಾಡಿ, “ಆರಾಮ ಅದೀರಾ?” ಎನ್ನುತ್ತಾನೆ. ಆರಾಮ ಅದೀನಿ ಎಂದ ಮೇಲೆ ಮುಂದೆ ಏನು ಮಾತಾಡುವುದೆಂದು ಇಬ್ಬರಿಗೂ ಹೊಳೆಯುವುದಿಲ್ಲ. ಎರಡು ವರ್ಷದ ಅಭ್ಯಾಸ ಒಂದೇ ಸಲಕ್ಕೆ ಹೋಗುವುದಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ವರ್ಗದ ಆದೇಶ ಬಂತು. ಅವರು ಅದನ್ನು ನನ್ನ ಮೇಜಿನ ಮೇಲಿಟ್ಟು, “ನಿಮ್ಮ ಕೈಗುಣ ಅಣ್ಣಾ” ಎಂದರು. ನಾನು ಬಹಳ ಸಂತೋಷವಾಯಿತು ಎಂದೆ. ಸುಳ್ಳಾಡಲಿಲ್ಲ, ಪೂರ್ತಿ ನಿಜವನ್ನೂ ಆಡಲಿಲ್ಲ. ಒಂದು ಟ್ರಂಕು, ಹಾಸಿಗೆ ಸುರುಳಿ, ಗ್ಯಾಸ್ ಒಲೆ, ಇಷ್ಟು ಆಟೋದಲ್ಲಿ ಹಿಡಿದವು. ಆಟೋ ತಿರುಗುವಾಗ ಅವರು ಏನೋ ಕೂಗಿದರು. ಮುಖ ಆ ಕಡೆಗಿತ್ತು, ನನಗೆ ಸಿಗಲಿಲ್ಲ. ಕೈ ಎತ್ತಿದೆ.

ಮೇಲಿನ ಕೋಣೆಗೆ ಬೇರೆಯವರು ಬಂದಿದ್ದಾರೆ. ಬಂದ ದಿನವೇ ಹತ್ತಿ ಹೋಗಿ ನನ್ನ ಕಿವಿಯ ವಿಷಯ ಹೇಳಿದೆ. ಒಳ್ಳೆಯವರು, ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾರೆ, ಬಂದವರೇ ಬಾಗಿಲು ಹಾಕಿಕೊಳ್ಳುತ್ತಾರೆ. ಕೊಟ್ಟೂರಿನ ಗೆಳೆಯ ಬರೆದು ಕಳಿಸುತ್ತೇನೆಂದು ಮಾತು ಕೊಟ್ಟಿದ್ದಾನೆ. ಎರಡು ಸಲ ಬರೆಯುತ್ತಾನೆ, ಮೂರನೆಯ ಸಲ ಮರೆತು ಮಾತಾಡುತ್ತಾನೆ. ಅವು ಹಾಗೆಯೇ ಮೊಬೈಲಿನಲ್ಲಿ ಉಳಿದಿವೆ.

ಕಳೆದ ತಿಂಗಳು ಹರಪನಹಳ್ಳಿಯ ಒಂದು ಶಾಲೆಗೆ ಪ್ರಶ್ನೆಪತ್ರಿಕೆಯ ಕರಡು ಕೊಡಬೇಕಿತ್ತು. ಅಲ್ಲಿಯವರೆಗೆ ಹೋಗಲು ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಜನರ ನಡುವಿನಿಂದ ಟಿಕೆಟ್ ಕೊಡುತ್ತ ಬಂದವರು ಅವರೇ. ನನ್ನನ್ನು ಕಂಡವರೇ ಮುಖಕ್ಕೆ ಮುಖ ತಂದು, ಬಸ್ಸೆಲ್ಲ ತಿರುಗಿ ನೋಡುವಂತೆ, “ಅಣ್ಣಾ, ಮೆಷಿನ್ ನಡೀತತಾ?” ಎಂದು ಕೂಗಿದರು.

“ನಡೀತೈತಿ. ತಾಯಿ ಹೆಂಗದಾರ?” ಎಂದೆ.

“ಗೋಡೆ ಹಿಡ್ಕೊಂಡು ಓಡಾಡ್ತಾಳ ಈಗ.” ಇನ್ನೂ ಏನೋ ಹೇಳುವವರಿದ್ದರು, ಹಿಂದಿನಿಂದ ಯಾರೋ ಚಿಲ್ಲರೆಗೆ ಕೈ ಚಾಚಿದರು. ಅವರು ಆ ಕಡೆ ಸರಿದು ಹೋದರು. ನನಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹರಪನಹಳ್ಳಿಯಲ್ಲಿ ಇಳಿಯುವಾಗ ಅವರು ಹಿಂದಿನ ಬಾಗಿಲಲ್ಲಿದ್ದರು, ನಾನು ಮುಂದಿನ ಬಾಗಿಲಿಂದ ಇಳಿದೆ. ಬಸ್ಸು ನಿಲ್ದಾಣದೊಳಗೆ ತಿರುಗಿತು. ನಾನು ಕರಡಿನ ಲಕೋಟೆಯನ್ನು ಕಂಕುಳಲ್ಲಿ ಹಿಡಿದು, ಶಾಲೆ ಯಾವ ಕಡೆಗೆ ಎಂದು ಯಾರನ್ನಾದರೂ ಎದುರಿಗೆ ನಿಲ್ಲಿಸಿ ಕೇಳಬೇಕಲ್ಲ ಎಂದುಕೊಳ್ಳುತ್ತ ರಸ್ತೆ ದಾಟಿದೆ.